ಖಾತೆ ಬರಿದಾಗಿರುವ ಹೊತ್ತಿಗೇ ಕಂತಿನ ಫೈಲ್ ಬರುತ್ತದೆ

ತಿಂಗಳ 5ನೇ ತಾರೀಕು ಬ್ಯಾಂಕ್ ಬಾಗಿಲು ತೆಗೆದು ಅರ್ಧ ಗಂಟೆಯಾಗುವಷ್ಟರಲ್ಲಿ ನಮ್ಮ ಶಾಖೆಗೆ ಬರುವ ದೂರು ಒಂದೇ. "ಹತ್ತೂಕಾಲಿಗೇ ದುಡ್ಡು ಹಾಕಿದೀನಿ ಸಾರ್, ಆದ್ರೂ ಇಎಂಐ ಬೌನ್ಸ್ ಅಂತ ಮೆಸೇಜ್ ಬಂದಿದೆ. ಡ್ಯೂ ಡೇಟು ಇವತ್ತೇ ತಾನೆ?" ಹೌದು, ಇವತ್ತೇ. ಆದರೆ ನೀವು ಅಂಗಡಿಯ ಶಟರ್ ಎತ್ತುವ ಮೊದಲೇ ನಿಮ್ಮ ಕಂತಿನ ಸರದಿ ಬಂದು ಹೋಗಿರುತ್ತದೆ.

ಈ ಪೆಟ್ಟು ಉಳಿತಾಯ ಖಾತೆಯವರಿಗಿಂತ ಚಾಲ್ತಿ ಖಾತೆಯವರಿಗೇ ಹೆಚ್ಚು. ಚಾಲ್ತಿ ಖಾತೆಗೆ ಬಡ್ಡಿ ಇಲ್ಲ. ಬಡ್ಡಿ ಬಾರದ ಕಡೆ ದುಡ್ಡು ಕೂರಿಸಲು ಯಾವ ವ್ಯಾಪಾರಿಗೂ ಮನಸ್ಸು ಬಾರದು. ಸಂಜೆಯ ವಸೂಲಿಯನ್ನು ರಾತ್ರಿಯೇ ಸಪ್ಲೈಯರ್‌ಗೆ ಕಳಿಸುತ್ತಾರೆ, ಇಲ್ಲವೇ ಸಿಸಿ (ಕ್ಯಾಶ್ ಕ್ರೆಡಿಟ್, ಅಂದರೆ ಮಿತಿಯೊಳಗೆ ಬೇಕಾದಾಗ ಎತ್ತಿ ಕಟ್ಟುವ ವ್ಯಾಪಾರದ ಸಾಲ) ಖಾತೆಗೆ ತುಂಬಿ ಒಂದು ದಿನದ ಬಡ್ಡಿ ಉಳಿಸುತ್ತಾರೆ. ಲೆಕ್ಕಾಚಾರ ಸರಿಯೇ ಇದೆ. ಆದರೆ ಹೀಗೆ ಮಾಡುವವರ ಖಾತೆ ತೀರಾ ಬರಿದಾಗಿರುವುದು ನಡುರಾತ್ರಿಯಿಂದ ಬೆಳಗಿನ ಹತ್ತರವರೆಗೆ, ಮತ್ತು ಕಂತಿನ ಫೈಲ್ ಸಾಮಾನ್ಯವಾಗಿ ಓಡುವುದೂ ಅದೇ ಹೊತ್ತಿನಲ್ಲಿ.

ಆ ಫೈಲಿನ ಹಾದಿ ಹೀಗಿದೆ. ನೀವು ಫೈನಾನ್ಸ್ ಕಂಪನಿಗೆ ಸಹಿ ಮಾಡಿ ಕೊಟ್ಟ ಮ್ಯಾಂಡೇಟ್, ಅಂದರೆ ಖಾತೆಯಿಂದ ಕಂತು ತೆಗೆದುಕೊಳ್ಳಲು ಕೊಟ್ಟ ಒಪ್ಪಿಗೆ, ರಾಷ್ಟ್ರೀಯ ಪಾವತಿ ನಿಗಮ (ಎನ್‌ಪಿಸಿಐ) ನಡೆಸುವ, ಖಾತೆಯಿಂದ ಕಂತನ್ನು ತಾನಾಗಿಯೇ ಕಳೆಯುವ ನ್ಯಾಚ್ ವ್ಯವಸ್ಥೆಯಲ್ಲಿ ಯುಎಂಆರ್‌ಎನ್ ಅನ್ನುವ 20 ಅಕ್ಷರಗಳ ಗುರುತು ಪಡೆದು ಕೂತಿರುತ್ತದೆ. ಕಂತಿನ ದಿನ ಹತ್ತಿರ ಬಂದಾಗ ಕಂಪನಿ ತನ್ನ ಬ್ಯಾಂಕಿಗೆ ಗ್ರಾಹಕರ ಪಟ್ಟಿ ಕೊಡುತ್ತದೆ. ಆ ಬ್ಯಾಂಕು ಅದನ್ನು ಎನ್‌ಪಿಸಿಐಗೆ ಕಳಿಸುತ್ತದೆ. ಎನ್‌ಪಿಸಿಐ ಬ್ಯಾಂಕುವಾರು ಬೇರ್ಪಡಿಸಿ ನಮಗೆ ರವಾನಿಸುತ್ತದೆ. ನಮ್ಮ ಕಡೆ ಅದನ್ನು ಎತ್ತಿಕೊಳ್ಳುವುದು ಕೇಂದ್ರದ ಸರ್ವರ್, ಶಾಖೆಯ ಮ್ಯಾನೇಜರ್ ಕಣ್ಣಿಗೂ ಬೀಳುವುದಿಲ್ಲ. ಮ್ಯಾಂಡೇಟ್ ಚಾಲ್ತಿಯಲ್ಲಿದೆಯಾ, ಮೊತ್ತ ಅದರ ಮಿತಿಯೊಳಗಿದೆಯಾ, ಖಾತೆ ಸರಿಯಿದೆಯಾ, ಬ್ಯಾಲೆನ್ಸ್ ಇದೆಯಾ ಎಂದಷ್ಟೇ ಅದು ನೋಡುತ್ತದೆ. ಹತ್ತು ರೂಪಾಯಿ ಕಮ್ಮಿ ಬಿದ್ದರೂ ವಾಪಸ್. ಇದ್ದಷ್ಟು ತೆಗೆದುಕೊಂಡು ಉಳಿದದ್ದಕ್ಕೆ ನಾಳೆ ಬರುವ ಪದ್ಧತಿ ನ್ಯಾಚ್‌ನಲ್ಲಿಲ್ಲ. ಕೆಲವು ಬ್ಯಾಂಕುಗಳು ಅದೇ ದಿನ ಇನ್ನೊಮ್ಮೆ ನೋಡುತ್ತವೆ, ಕೆಲವು ನೋಡುವುದಿಲ್ಲ. ಆ ಎರಡನೇ ಸುತ್ತನ್ನು ನಂಬಿ ಕೂರುವುದು ಬೇಡ. ವಾಪಸಾದರೆ ನಮ್ಮ ರಿಟರ್ನ್ ಚಾರ್ಜು ಒಂದು, ಸಾಲ ಕೊಟ್ಟವರ ಬೌನ್ಸ್ ಚಾರ್ಜು ಇನ್ನೊಂದು.

ಸಾಲವೂ ಖಾತೆಯೂ ಒಂದೇ ಬ್ಯಾಂಕಿನಲ್ಲಿದ್ದರೆ ವಿಷಯ ಬೇರೆ. ಅಲ್ಲಿ ಹಣ ಹೊರಗೆ ಹೋಗಬೇಕಿಲ್ಲ. ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್, ಅಂದರೆ ಪ್ರತಿ ತಿಂಗಳೂ ಕಂತು ಕಳೆದುಕೊಳ್ಳಿ ಅನ್ನುವ ಕಾಯಂ ಸೂಚನೆ ಇದ್ದರೆ ಸಿಸ್ಟಮ್ ಎರಡು ಮೂರು ದಿನ ಮತ್ತೆ ಮತ್ತೆ ಪ್ರಯತ್ನಿಸಬಹುದು, ಬಂದಷ್ಟನ್ನು ಸಾಲಕ್ಕೆ ಜಮಾ ಮಾಡಿಕೊಳ್ಳಲೂಬಹುದು.

ಒಂದೇ ದಿನ ಮೂರು ಕಂತು ಬಂದಾಗಿನ ಪಾಡು ನೋಡಿ. ಖಾತೆಯಲ್ಲಿ 70,000 ಇದೆ. ಬಂದಿರುವುದು ಮೆಷಿನ್ ಸಾಲದ 48,000, ಗಾಡಿಯ 35,000, ವಿಮೆಯ 20,000. ಇದೇ ಸಾಲಿನಲ್ಲಿ ಓಡಿದರೆ ಮೆಷಿನ್ ಕಂತು ಹೋಗುತ್ತದೆ, ಗಾಡಿಯದು ಬೌನ್ಸ್, ವಿಮೆಯದು ಹೋಗುತ್ತದೆ. ಗಾಡಿಯದು ಮೊದಲು ಬಂದಿದ್ದರೆ ಮೆಷಿನ್ ಕಂತು ಸಿಕ್ಕಿಬೀಳುತ್ತಿತ್ತು. "ದೊಡ್ಡದನ್ನ ಮೊದಲು ಬಿಡಬೇಕಿತ್ತಲ್ವಾ?" ಅಂತ ನಮ್ಮ ಮೇಲೆ ರೇಗುವವರಿದ್ದಾರೆ. ಸಾಲು ನಿರ್ಧರಿಸುವುದು ಫೈಲು. ಅದರಲ್ಲಿ ಗ್ರಾಹಕರ ಮಾತೂ ನಡೆಯುವುದಿಲ್ಲ, ಶಾಖೆಯ ಮಾತೂ ನಡೆಯುವುದಿಲ್ಲ.

ಬ್ಯಾಲೆನ್ಸ್ ಅಂದರೆ ಆ್ಯಪ್‌ನಲ್ಲಿ ಕಾಣುವ ಅಂಕಿ ಅಂದುಕೊಳ್ಳುವುದು ಇನ್ನೊಂದು ಎಡವಟ್ಟು. ಯಂತ್ರ ನೋಡುವುದು ಬಳಸಲು ಸಿಗುವ ಹಣವನ್ನು ಮಾತ್ರ. ಕ್ಲಿಯರ್ ಆಗದ ಚೆಕ್ಕು ಅದರಲ್ಲಿ ಸೇರುವುದಿಲ್ಲ, ಲೀನ್ ಹಾಕಿದ, ಅಂದರೆ ತಡೆಹಿಡಿದ ಮೊತ್ತವೂ ಸೇರುವುದಿಲ್ಲ. ಸಿಸಿ ಖಾತೆಯಿಂದ ಕಂತು ಹೋಗುವವರಿಗೆ ಮುಖ್ಯ ಪ್ರಶ್ನೆ ಡಿಪಿಯದು, ಅಂದರೆ ಡ್ರಾಯಿಂಗ್ ಪವರ್: ಸ್ಟಾಕು ಮತ್ತು ಬರಬೇಕಾದ ಬಾಕಿಯ ಲೆಕ್ಕದಲ್ಲಿ ನಿಜವಾಗಿ ಎತ್ತಬಹುದಾದ ಮೊತ್ತ. ಪೀಣ್ಯದ ಕಡೆಯ ಒಂದು ಫ್ಯಾಬ್ರಿಕೇಷನ್ ಘಟಕ ಅಂದುಕೊಳ್ಳಿ. ಮಂಜೂರಾದ ಮಿತಿ 40 ಲಕ್ಷ. ಸ್ಟಾಕ್ 30 ಲಕ್ಷ, ಅದರಲ್ಲಿ ಸಪ್ಲೈಯರ್‌ಗೆ ಇನ್ನೂ ಹಣ ಕೊಡಬೇಕಾದ ಮಾಲು 6 ಲಕ್ಷ. ಉಳಿದ 24 ಲಕ್ಷಕ್ಕೆ ಶೇ 25 ಮಾರ್ಜಿನ್ (ಬ್ಯಾಂಕು ಸಾಲಕ್ಕೆ ಲೆಕ್ಕ ಹಿಡಿಯದ ಪಾಲು) ಕಳೆದರೆ 18 ಲಕ್ಷ. ಬರಬೇಕಾದ ಬಾಕಿ 20 ಲಕ್ಷ, ಶೇ 40 ಮಾರ್ಜಿನ್ ಕಳೆದರೆ 12 ಲಕ್ಷ. ಡಿಪಿ 30 ಲಕ್ಷ ಅಷ್ಟೆ. ತಿಂಗಳ ಕೊನೆಗೆ ಇವರು ಎತ್ತಿರುವುದು 29.60 ಲಕ್ಷ. ಮಾಲೀಕರ ತಲೆಯಲ್ಲಿರುವುದು "ಇನ್ನೂ ಹತ್ತು ಲಕ್ಷ ಇದೆ". 31ರ ರಾತ್ರಿ ಬ್ಯಾಂಕು ತಿಂಗಳ ಬಡ್ಡಿ ಹಾಕುತ್ತದೆ. ಸರಾಸರಿ 28 ಲಕ್ಷದ ಮೇಲೆ ಶೇ 10.5ರಂತೆ 31 ದಿನಕ್ಕೆ ಸುಮಾರು 25,000. ಇನ್ನು ಉಳಿದಿರುವ ಜಾಗ 15,000. 1ನೇ ತಾರೀಕು ಬೆಳಿಗ್ಗೆ 48,000ದ ಕಂತು ಬಂದು ವಾಪಸ್ ಹೋಗುತ್ತದೆ. ಬ್ಯಾಂಕಿಗೆ ಈ ಲೆಕ್ಕ ತೋರಿಸುವ ಸ್ಟಾಕ್ ಸ್ಟೇಟ್‌ಮೆಂಟ್ ಕೊಡುವುದನ್ನೇ ಮರೆತಿದ್ದರಂತೂ ಡಿಪಿ ಸೊನ್ನೆಗೆ ಇಳಿದಿರಬಹುದು. ವರ್ಷಗಟ್ಟಲೆ ನಿಯತ್ತಾಗಿ ಕಟ್ಟಿದವರ ಕಂತೂ ಬೌನ್ಸ್ ಆಗುವುದು ಹೀಗೇ. ಅದಕ್ಕೇ ನನ್ನ ಮಟ್ಟಿಗೆ ಸಿಸಿ ಖಾತೆಯಿಂದ ನೇರವಾಗಿ ಇಎಂಐ ಕಟ್ಟುವುದು ಒಳ್ಳೆಯ ಅಭ್ಯಾಸ ಅಲ್ಲ.

ಭಾನುವಾರದ ವಿಷಯ ಹಲವರಿಗೆ ಇನ್ನೂ ಗೊತ್ತಿಲ್ಲ. ಮೊದಲೆಲ್ಲ 5ನೇ ತಾರೀಕು ರಜೆ ಬಿದ್ದರೆ ಕಂತು ಮುಂದಿನ ಕೆಲಸದ ದಿನಕ್ಕೆ ಹೋಗುತ್ತಿತ್ತು, ಒಂದು ದಿನ ಉಸಿರಾಡಲು ಸಿಗುತ್ತಿತ್ತು. 2021ರ ಆಗಸ್ಟ್ 1ರಿಂದ ನ್ಯಾಚ್ ವಾರದ ಏಳೂ ದಿನ ನಡೆಯುತ್ತದೆ. ಚೆಕ್ ಕ್ಲಿಯರಿಂಗ್‌ಗೆ ಮಾತ್ರ ಭಾನುವಾರ ರಜೆಯೇ. ಗಿರಾಕಿಗಳಿಂದ ಚೆಕ್ಕಿನಲ್ಲಿ ವಸೂಲಿ, ಸಾಲಕ್ಕೆ ನ್ಯಾಚ್‌ನಲ್ಲಿ ಕಂತು ಅನ್ನುವವರಿಗೆ ಬರುವ ಬಾಗಿಲು ಮುಚ್ಚಿರುತ್ತದೆ, ಹೋಗುವ ಬಾಗಿಲು ತೆರೆದಿರುತ್ತದೆ. ನೆಫ್ಟ್ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ಹಗಲೂ ರಾತ್ರಿ ಸಿಗುವುದರಿಂದ ಬೇರೆ ಖಾತೆಯಲ್ಲಿ ದುಡ್ಡಿದ್ದರೆ ಶನಿವಾರ ರಾತ್ರಿಯೇ ಇತ್ತ ತಳ್ಳಬಹುದು. ನೀವೇ ಕೊಟ್ಟ ಚೆಕ್ಕಿನ ಮೇಲೂ ಒಂದು ಕಣ್ಣಿರಲಿ. 2025ರ ಅಕ್ಟೋಬರ್ 4ರಿಂದ ಚೆಕ್ಕುಗಳು ಹಗಲಿಡೀ ಒಂದರ ಹಿಂದೊಂದು ಕ್ಲಿಯರಿಂಗ್‌ಗೆ ಹೋಗುತ್ತಿವೆ. "ಇವತ್ತು ಕೊಟ್ಟರೆ ನಾಳೆ ತಾನೆ ಪಾಸಾಗೋದು" ಅನ್ನುವ ಹಳೆಯ ಧೈರ್ಯ ಇನ್ನು ನಡೆಯದು. ನಾಳಿನ ಕಂತಿಗೆಂದು ಇಟ್ಟ ಹಣವನ್ನು ಇವತ್ತೇ ಆ ಚೆಕ್ಕು ಒಯ್ದಿರುತ್ತದೆ.

ಯುಪಿಐ ಆಟೋಪೇ, ಕಾರ್ಡ್ ಮ್ಯಾಂಡೇಟ್‌ಗಳಿಗೆ ರಿಸರ್ವ್ ಬ್ಯಾಂಕಿನ ನಿಯಮ ಬೇರೆ ಇದೆ: ಹಣ ಹೋಗುವ 24 ಗಂಟೆ ಮೊದಲು ಸೂಚನೆ ಬರಬೇಕು, 15,000ದವರೆಗೆ ಪ್ರತಿ ಸಲ ಪಿನ್ ಅಥವಾ ಓಟಿಪಿ ಬೇಕಿಲ್ಲ, ವಿಮೆ, ಮ್ಯೂಚುವಲ್ ಫಂಡ್ ಮತ್ತು ಕ್ರೆಡಿಟ್ ಕಾರ್ಡ್ ಬಿಲ್ಲಿಗೆ ಆ ಮಿತಿ 1 ಲಕ್ಷ. ಈ 24 ಗಂಟೆಯ ನಿಯಮ ನ್ಯಾಚ್ ಕಂತಿಗೂ ಇದೆ ಅಂದುಕೊಂಡು ಮೆಸೇಜಿಗಾಗಿ ಕಾಯುವವರಿದ್ದಾರೆ. ಕಾಯಬೇಡಿ.

ಪಾಲುದಾರಿಕೆ ಸಂಸ್ಥೆಗಳಿಗೆ ಒಂದು ಮಾತು. ಇಬ್ಬರು ಒಟ್ಟಿಗೆ ಸಹಿ ಮಾಡಬೇಕಾದ ಖಾತೆಗೆ ಆನ್‌ಲೈನ್ ಮ್ಯಾಂಡೇಟ್ ಸಾಮಾನ್ಯವಾಗಿ ಆಗುವುದಿಲ್ಲ, ಕಾಗದದ್ದೇ ಬೇಕು. ಅದರ ಮೇಲೆ ಸಂಸ್ಥೆಯ ರಬ್ಬರ್ ಸ್ಟ್ಯಾಂಪ್ ಬಿಟ್ಟುಹೋದರೆ ಮ್ಯಾಂಡೇಟೇ ತಿರಸ್ಕೃತ. ಸಾಲ ಸಿಕ್ಕ ಸಂಭ್ರಮದಲ್ಲಿ ಇದನ್ನು ಯಾರೂ ನೋಡುವುದಿಲ್ಲ, ಮೊದಲ ಕಂತೇ ತಪ್ಪುತ್ತದೆ.

ಸಾಲದ ಕಾಗದಕ್ಕೆ ಸಹಿ ಹಾಕುವಾಗಲೇ ಕಂತಿನ ತಾರೀಕು ಕೇಳಿ ಗೊತ್ತುಮಾಡಿಕೊಳ್ಳಿ. 7ಕ್ಕೆ ಟಿಡಿಎಸ್, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿ, ತಿಂಗಳ ಮೊದಲ ವಾರ ಸಂಬಳ. ಇವುಗಳ ನಡುವೆ ನಿಮ್ಮ ವಸೂಲಿ ಕೈಗೆ ಬರುವ ವಾರ ಯಾವುದು ಅಂತ ನೋಡಿ, ಅದರ ಮಾರನೆಯ ತಾರೀಕು ಕೇಳಿ. ಕೊಡುವುದು ಬಿಡುವುದು ಅವರಿಷ್ಟ, ಆದರೆ ಕೇಳದವರಿಗೆ 5ನೇ ತಾರೀಕೇ ಗಟ್ಟಿ. ಸಾಧ್ಯವಾದರೆ ಕಂತುಗಳಿಗೆಂದೇ ಬೇರೊಂದು ಖಾತೆ ಇಟ್ಟು, ಹಿಂದಿನ ದಿನ ಮಧ್ಯಾಹ್ನವೇ ಹಣ ಹಾಕಿಬಿಡಿ.

ತಿಂಗಳು ಬಿಗಿಯಾಗಿದೆ ಅಂತ ಮ್ಯಾಂಡೇಟನ್ನೇ ರದ್ದು ಮಾಡಿಸಲು ಬರುವವರಿಗೆ ಶಾಖೆ ಇಲ್ಲ ಅನ್ನುವಂತಿಲ್ಲ. ಪತ್ರ ಕೊಟ್ಟರೆ ರದ್ದಾಗುತ್ತದೆ, ಆದರೆ ಸಾಲ ರದ್ದಾಗುವುದಿಲ್ಲ. ಹಣವಿಲ್ಲದೆ ಕಂತು ವಾಪಸಾದರೆ 2007ರ ಪೇಮೆಂಟ್ ಆ್ಯಂಡ್ ಸೆಟಲ್‌ಮೆಂಟ್ ಸಿಸ್ಟಮ್ಸ್ ಕಾಯ್ದೆಯ 25ನೇ ಸೆಕ್ಷನ್ ಇದೆ. ಚೆಕ್ ಬೌನ್ಸ್‌ಗೆ ಇರುವ 138ನೇ ಸೆಕ್ಷನ್ನಿನ ಹಾಗೆಯೇ, ಎರಡು ವರ್ಷದವರೆಗೆ ಜೈಲು, ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ನೋಟಿಸು ಕೈಸೇರಿದ 15 ದಿನದೊಳಗೆ ಕಟ್ಟಿದರೆ ಕೇಸು ಹಾಕಲು ಬರುವುದಿಲ್ಲ.

ಬೌನ್ಸ್ ಆಗಿಯೇಬಿಟ್ಟರೆ ಮೊದಲು ಸಾಲ ಕೊಟ್ಟವರಿಗೆ ಫೋನ್ ಮಾಡಿ, ಕಂತನ್ನು ಮತ್ತೆ ಯಾವತ್ತು ಪ್ರೆಸೆಂಟ್ ಮಾಡುತ್ತೀರಿ, ಅಂದರೆ ಫೈಲಿನಲ್ಲಿ ಕಳಿಸುತ್ತೀರಿ ಅಂತ ಕೇಳಿ. ಗಾಬರಿಯಲ್ಲಿ ಅವರ ಲಿಂಕ್ ಮೂಲಕ ಕೂಡಲೇ ಕಟ್ಟಿಬಿಟ್ಟವರಿಗೆ ಎರಡು ಮೂರು ದಿನದ ಮೇಲೆ ಅದೇ ಕಂತು ಫೈಲಿನಲ್ಲಿ ಮತ್ತೆ ಬಂದು, ಎರಡು ಸಲ ಹಣ ಹೋದದ್ದಿದೆ. ಆ ಫೈಲಿಗೆ ನೀವು ಕಟ್ಟಿದ್ದು ಗೊತ್ತಿರುವುದಿಲ್ಲ. ಆಮೇಲೆ ಆ ದುಡ್ಡು ವಾಪಸ್ ಕೇಳಬೇಕಾದ್ದು ಸಾಲ ಕೊಟ್ಟವರನ್ನು, ನಮ್ಮನ್ನಲ್ಲ. ಕಟ್ಟಿದ ರಸೀದಿಯನ್ನು ಇಮೇಲ್ ಮಾಡಿ, ಮರುಪ್ರೆಸೆಂಟೇಷನ್ ನಿಲ್ಲಿಸಿದ್ದೇವೆ ಅನ್ನುವ ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ.