ಶಾಲೆಗೆ ಬರುವ ಕೋಚ್‌ಗೆ ಲೈಸೆನ್ಸ್ ಬೇಕಾ?

ಪ್ರಶ್ನೆ: ಮಗಳು ಶಿರಸಿಯಲ್ಲಿ ಎಂಟನೇ ಕ್ಲಾಸು. ಶಾಲೆ ಬಿಟ್ಟ ಮೇಲೆ ಕಬಡ್ಡಿ ಕಲಿಸಲು ಹೊರಗಿನಿಂದ ಒಬ್ಬರು ಬರುತ್ತಾರೆ. ಇಂಥವರನ್ನು ಯಾರಾದರೂ ಪರಿಶೀಲಿಸಿರುತ್ತಾರಾ? ಕೇಳಿದರೆ ಅವರಿಗೆ ಬೇಜಾರಾದೀತು ಅಂತ ಸುಮ್ಮನಿದ್ದೇನೆ.

ಉತ್ತರ: ಕೇಳಿ, ಖಂಡಿತ ಕೇಳಿ. ಯಾಕೆಂದರೆ ನೀವು ಕೇಳದಿದ್ದರೆ ಬೇರೆ ಯಾರೂ ಕೇಳಿರದೇ ಇರಬಹುದು.

ಕೋಚ್ ಆಗಲು ನಮ್ಮಲ್ಲಿ ಲೈಸೆನ್ಸ್ ಅಂತ ಇಲ್ಲ. ಪಿ.ಇ. ಟೀಚರ್ ವಿಷಯ ಬೇರೆ. ಅವರು ಸಿ.ಪಿ.ಇಡಿ ಅಥವಾ ಬಿ.ಪಿ.ಇಡಿ ಅನ್ನುವ ದೈಹಿಕ ಶಿಕ್ಷಣದ ಕೋರ್ಸ್ ಓದಿರಬೇಕು, ತಪ್ಪು ಮಾಡಿದರೆ ವಿಚಾರಿಸಲು ಮೇಲಿನವರಿದ್ದಾರೆ. ಹೊರಗಿನ ಕೋಚ್ ಈ ಲೆಕ್ಕಕ್ಕೇ ಬರುವುದಿಲ್ಲ. ಪಟಿಯಾಲಾದ ಕ್ರೀಡಾ ಸಂಸ್ಥೆ ಡಿಪ್ಲೊಮಾ ಕೊಡುತ್ತದೆ, ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಇದೆ. ಅದಿಲ್ಲದೆ ಸೀಟಿ ಹಿಡಿದು ಮೈದಾನಕ್ಕೆ ಇಳಿಯಬಾರದು ಅಂತ ಯಾವ ಕಾನೂನೂ ಹೇಳಿಲ್ಲ. ಸರ್ಟಿಫಿಕೇಟ್ ಇದ್ದರೂ ಅದರಿಂದ ಗೊತ್ತಾಗುವುದು ಅವರಿಗೆ ಆಟ ಬರುತ್ತದೆ ಅಂತ ಅಷ್ಟೇ.

ಹೊರಗಿನವರು ಯಾಕೆ ಬರಬೇಕಾಯಿತು ಅಂತಲೂ ನೋಡಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೇ ತರಗತಿವರೆಗೆ 100ಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಮಾತ್ರ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಕಡ್ಡಾಯ. ಜೋಯಿಡಾ, ಸಿದ್ದಾಪುರದ ಕಾಡಿನ ನಡುವಿನ ಶಾಲೆಗಳಲ್ಲಿ ಅಷ್ಟು ಮಕ್ಕಳನ್ನು ಎಲ್ಲಿಂದ ತರುವುದು? ಆಗ ಊರಿನ ಹಳೇ ಆಟಗಾರರೇ ಗತಿ. ಎಷ್ಟೋ ಜನ ಒಂದು ರೂಪಾಯಿ ಮುಟ್ಟದೆ ಕಲಿಸುತ್ತಾರೆ. ನಾಳೆ ಶುಲ್ಕ, ಪರೀಕ್ಷೆ, ಪಟಿಯಾಲಾ ಅಂತ ಕಡ್ಡಾಯ ಮಾಡಿದರೆ ಮೊದಲು ಬಿಟ್ಟು ಹೋಗುವವರು ಇವರೇ. ಆಮೇಲೆ ಮಕ್ಕಳಿಗೆ ಆಟವೇ ಇಲ್ಲ. ಬಿಗಿ ಮಾಡುವುದು ಕಷ್ಟ ಅನ್ನುವುದು ಇದಕ್ಕೇ.

ಹಾಗಂತ ಕಾನೂನೇ ಇಲ್ಲ ಅಂತಲ್ಲ. ಮಕ್ಕಳನ್ನು ಲೈಂಗಿಕ ಅಪರಾಧದಿಂದ ಕಾಯುವ ಕಾನೂನು ಪೋಕ್ಸೋ. ಅದರ 2020ರ ನಿಯಮಗಳಲ್ಲಿ ಶಾಲೆಯ ಜೊತೆ ಕ್ರೀಡಾ ಅಕಾಡೆಮಿಯ ಹೆಸರೂ ಇದೆ. ಮಕ್ಕಳ ಜೊತೆ ಒಡನಾಡುವ ಪ್ರತಿ ಸಿಬ್ಬಂದಿಯ ಪೊಲೀಸ್ ವೆರಿಫಿಕೇಶನ್ ಆಗಬೇಕು, ಗುತ್ತಿಗೆಯವರದ್ದೂ ಆಗಬೇಕು, ಆಗಾಗ ಮತ್ತೆ ಆಗಬೇಕು. ಆದರೆ ನಿಯಮ ಮಾತಾಡುವುದು ಸಿಬ್ಬಂದಿ, ನೌಕರರ ಬಗ್ಗೆ. ಸಂಬಳವೇ ಇಲ್ಲದೆ ಸಂಜೆ ಬಂದು ಹೋಗುವವರು ಯಾರ ನೌಕರರು? ಶಾಲೆಯನ್ನು ಕೇಳಿದರೆ ‘ಅವರು ಕ್ಲಬ್‌ನವರು’. ಕ್ಲಬ್ಬನ್ನು ಕೇಳಿದರೆ ‘ಕರೆದದ್ದು ಶಾಲೆಯವರು’. ನನಗೆ ಜಾಸ್ತಿ ಭಯ ಇರುವುದು ಈ ಮಾತಿನ ಬಗ್ಗೆಯೇ.

ಇಲಾಖೆಗಳ ಕಥೆಯೂ ಹೀಗೇ. ಶಾಲೆ ಶಿಕ್ಷಣ ಇಲಾಖೆಯದು. ಕ್ರೀಡಾ ಹಾಸ್ಟೆಲ್ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯದು. ಮೇಲಿಂದ ನಮ್ಮ ಉತ್ತರ ಕನ್ನಡ ಒಂದೇ ಜಿಲ್ಲೆಗೆ ಕಾರವಾರ, ಶಿರಸಿ ಅಂತ ಎರಡು ಶೈಕ್ಷಣಿಕ ಜಿಲ್ಲೆ.

ವೆರಿಫಿಕೇಶನ್ ಆದರೂ ಕೇಸ್ ದಾಖಲಾಗಿದ್ದರೆ ತಾನೇ ಗೊತ್ತಾಗುವುದು? ಸದ್ದಿಲ್ಲದೆ ‘ನಾಳೆಯಿಂದ ಬರಬೇಡಿ’ ಅಂದು ಕಳಿಸಿದ್ದು ಯಾವ ದಾಖಲೆಯಲ್ಲೂ ಇರುವುದಿಲ್ಲ. ಕಾರವಾರದಿಂದ ಕಾಳಿ ಸೇತುವೆ ದಾಟಿ ಮಾಜಾಳಿ ಕಳೆದರೆ ಗೋವಾ. ಅಲ್ಲಿ ಬಿಟ್ಟವರು ಇಲ್ಲಿ, ಇಲ್ಲಿ ಬಿಟ್ಟವರು ಅಲ್ಲಿ ಸೇರಿಕೊಳ್ಳಬಹುದು. ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ಪಟ್ಟಿಯೊಂದು 2018ರಿಂದ ಇದೆ, ಆದರೆ ಅದನ್ನು ನೋಡುವ ಅಧಿಕಾರ ಶಾಲೆಗಿಲ್ಲ. ಹಾಗಾಗಿ ಕೋಚ್ ಮೊದಲು ಕಲಿಸುತ್ತಿದ್ದ ಕಡೆಗೆ ಹೆಡ್‌ಮಾಸ್ತರರೇ ಒಂದು ಫೋನ್ ಮಾಡಿ ವಿಚಾರಿಸಬೇಕು. ಐದು ನಿಮಿಷದ ಕೆಲಸ.

ಇನ್ನು ಮುಟ್ಟುವ ವಿಷಯ. ಕಬಡ್ಡಿಯಲ್ಲಿ ಕಾಲು ಹಿಡಿಯುವುದನ್ನು ಹಿಡಿದೇ ತೋರಿಸಬೇಕು, ಕುಸ್ತಿಯಂತೂ ಕೇಳುವುದೇ ಬೇಡ. ‘ಮುಟ್ಟಬಾರದು’ ಅಂತ ಬರೆದರೆ ಆಟ ನಿಂತೇ ಹೋಗುತ್ತದೆ. ‘ಒಂಟಿಯಾಗಿ ಕಲಿಸಬಾರದು’ ಅಂತ ಬರೆಯಬಹುದು ಅಲ್ವಾ? ಎಲ್ಲರ ಕಣ್ಣೆದುರು, ಮೈದಾನದಲ್ಲೇ, ಒಬ್ಬರು ಟೀಚರ್ ಇರುವಾಗ. ರಾತ್ರಿ ಮಕ್ಕಳಿಗೆ ಪ್ರತ್ಯೇಕ ಮೆಸೇಜ್ ಇಲ್ಲ. ಹೇಳುವುದಿದ್ದರೆ ಪಾಲಕರೂ ಇರುವ ಗುಂಪಿನಲ್ಲಿ. ಒಳ್ಳೆಯ ಕೋಚ್‌ಗೆ ಇದರಿಂದ ಬೇಜಾರಾಗುವುದಿಲ್ಲ. ಸುಳ್ಳು ಆಪಾದನೆಯಿಂದ ಅವರನ್ನು ಕಾಯುವುದೂ ಇದೇ.

ಮುಂದಿನ ಪಾಲಕರ ಸಭೆಯಲ್ಲಿ, ಸರ್ಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಸಮಿತಿಯಲ್ಲಿ (ಎಸ್‌ಡಿಎಂಸಿ), ಎದ್ದು ನಿಂತು ಕೇಳಿ. ಈ ಕೋಚ್‌ನ ಹೊಣೆ ಯಾರದು? ವೆರಿಫಿಕೇಶನ್ ಆಗಿದೆಯಾ? ಉತ್ತರವನ್ನು ಬರಹದಲ್ಲೇ ಪಡೆಯಿರಿ. ಮಗಳು ಏನಾದರೂ ಹೇಳಿಕೊಂಡರೆ ಮಾತ್ರ ಸಭೆಗೆ ಕಾಯಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ ಅಥವಾ ಠಾಣೆಗೆ ಹೋಗಿ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ ಪೋಕ್ಸೋ ಪ್ರಕಾರ ಅದೇ ಅಪರಾಧ. ಸಂಸ್ಥೆಯ ಮುಖ್ಯಸ್ಥರು ತನ್ನ ಕೈಕೆಳಗಿನವರ ತಪ್ಪು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು.

ಮಕ್ಕಳು ಘಟ್ಟ ಇಳಿದು ಜಿಲ್ಲಾ ಕ್ರೀಡಾಕೂಟಕ್ಕೆ ಹೊರಡುವ ಮೊದಲೂ ಕೇಳಿ: ಜೊತೆಗೆ ಬರುವ ಮಹಿಳಾ ಟೀಚರ್ ಯಾರು, ರಾತ್ರಿ ಉಳಿಯುವುದು ಎಲ್ಲಿ, ಕೋಚ್‌ನ ರೂಮು ಎಲ್ಲಿ.