ಟೈಪ್‌ರೈಟರ್‌ನಲ್ಲಿ ಹುಟ್ಟಿದ ಕವಡೆ ಅಂಚೆಚೀಟಿ

ನಮ್ಮ ಮಾತಿನಲ್ಲಿ ಯಾವುದಕ್ಕಾದರೂ ಬೆಲೆ ಇಲ್ಲ ಅನ್ನಬೇಕಾದರೆ 'ಕವಡೆ ಕಿಮ್ಮತ್ತಿಲ್ಲ' ಅಂದುಬಿಡುತ್ತೇವೆ. ಆದರೆ ಕವಡೆಯಲ್ಲೇ ಬೆಲೆ ನಮೂದಿಸಿದ ಅಂಚೆಚೀಟಿಗಳೂ ಇವೆ. ಇವತ್ತು ಅವುಗಳಲ್ಲಿ ಕೆಲವನ್ನು ಕೊಳ್ಳಲು ಸಾವಿರಾರು ಪೌಂಡ್ ಬೇಕು.

ಅದು 1895ರ ಉಗಾಂಡಾ. ಹಿಂದಿನ ವರ್ಷವಷ್ಟೇ ಬ್ರಿಟಿಷರು ಅದನ್ನು ತಮ್ಮ ರಕ್ಷಿತ ರಾಜ್ಯ ಮಾಡಿಕೊಂಡಿದ್ದರು. ಪತ್ರ ಸಾಗಿಸಲು ಅಂಚೆಚೀಟಿ ಬೇಕಿತ್ತು, ಅಚ್ಚು ಹಾಕಲು ಮುದ್ರಣಾಲಯ ಇರಲಿಲ್ಲ. ಅಲ್ಲಿನ ಮೆಂಗೋ ಎಂಬ ಊರಿನಲ್ಲಿದ್ದ ಅರ್ನೆಸ್ಟ್ ಮಿಲ್ಲರ್ ಎಂಬ ಪಾದ್ರಿಯ ಬಳಿ ಒಂದು ಟೈಪ್‌ರೈಟರ್ ಇತ್ತು. ಅಧಿಕಾರಿ ಜಾರ್ಜ್ ವಿಲ್ಸನ್ ಕೇಳಿಕೊಂಡರು, ಮಿಲ್ಲರ್ ಟೈಪ್ ಮಾಡಲು ಕೂತರು. ಮಾರ್ಚ್ 20ಕ್ಕೆ ಮೊದಲ ಚೀಟಿಗಳು ಹೊರಬಂದವು.

ನೋಡಲು ಬಹಳ ಸರಳ. ತೆಳ್ಳನೆಯ ಕಾಗದ, ಸುತ್ತ ಟೈಪ್ ಮಾಡಿದ ಗೆರೆಗಳ ಚೌಕಟ್ಟು. ಮೇಲಿನ ಎರಡು ಮೂಲೆಗಳಲ್ಲಿ ಉಗಾಂಡಾದ ಹೆಸರಿನ 'ಯು' ಮತ್ತು 'ಜಿ', ನಡುವೆ ಬೆಲೆಯ ಅಂಕಿ. ಹಿಂದೆ ಅಂಟಿಲ್ಲ, ಅಂಚಿಗೆ ತೂತಿಲ್ಲ, ಕತ್ತರಿಸಿ ಕೊಡಬೇಕು. ಆರಂಭದಲ್ಲಿ ಬೆಲೆ 5ರಿಂದ 60 ಕವಡೆವರೆಗೆ. ಆಗ 200 ಕವಡೆಗೆ ಒಂದು ರೂಪಾಯಿ, ಅಂದರೆ ಆಣೆಗೆ ಹನ್ನೆರಡೂವರೆ ಕವಡೆ. ಹೌದು, ನಮ್ಮ ರೂಪಾಯಿಯೇ! ಪೂರ್ವ ಆಫ್ರಿಕಾದಲ್ಲೂ ಆಗ ಅದು ಚಲಾವಣೆಯಲ್ಲಿತ್ತು.

ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗೆ ಹೋದವರಿಗೆ ಮುಂದಿನದು ಥಟ್ಟನೆ ಅರ್ಥವಾಗುತ್ತದೆ. ಕಾಗದ ಚೂರು ಓರೆಯಾದರೆ ಸಾಲೆಲ್ಲ ಓರೆ. ಒಂದು ಕೀಲಿ ಜೋರಾಗಿ ಬಿದ್ದರೆ ಆ ಅಕ್ಷರ ಗಾಢ, ಪಕ್ಕದ್ದು ಮಸುಕು. ಇಲ್ಲಿ ಪ್ರತಿ ಚೀಟಿಯನ್ನೂ ಬೇರೆಬೇರೆಯಾಗಿ ಟೈಪ್ ಮಾಡಿದ್ದರಿಂದ ಒಂದರಂತೆ ಇನ್ನೊಂದಿಲ್ಲ.

ಸಂಗ್ರಾಹಕರು ಗುರುತಿಸುವ ಬಗೆಗಳೂ ಹೀಗೇ ಹುಟ್ಟಿದವು. ಮೊದಲ ಚೀಟಿಗಳು ಅಗಲ, ಒಂದು ಹಾಳೆಯಲ್ಲಿ ಅಡ್ಡಕ್ಕೆ 9 ಮಾತ್ರ. ಏಪ್ರಿಲ್‌ನಲ್ಲಿ ಮಿಲ್ಲರ್ ಅಗಲವನ್ನು 16-18 ಮಿಲಿಮೀಟರಿಗೆ ಇಳಿಸಿದರು, ಅಷ್ಟೇ ಜಾಗದಲ್ಲಿ 11 ಹಿಡಿಸಿದವು. ಮೇ ತಿಂಗಳಲ್ಲಿ ಬೇರೆ ಟೈಪ್‌ರೈಟರ್ ಬಂತು, ಅಕ್ಷರಗಳ ಅಗಲವೇ ಕಿರಿದಾಯಿತು. ನವೆಂಬರ್‌ನಲ್ಲಿ ರಿಬ್ಬನ್ ಬದಲಾಯಿತು, ಕಪ್ಪು ಹೋಗಿ ನೇರಳೆ ಬಂತು. 1896ರಲ್ಲಿ ವಿಕ್ಟೋರಿಯಾ ರಾಣಿಯ 'ವಿ' ಮತ್ತು 'ಆರ್' ಅಕ್ಷರಗಳು, ಅವುಗಳ ನಡುವೆ 96, ಕೆಳಗೆ ಪೂರ್ತಿಯಾಗಿ 'ಉಗಾಂಡಾ'.

ನನಗೆ ಎಲ್ಲಕ್ಕಿಂತ ಇಷ್ಟ ಪೆನ್ನಿನಲ್ಲಿ ತಿದ್ದಿದ ಚೀಟಿಗಳು. 50 ಎಂದು ಟೈಪ್ ಆಗಿರುವ ಜಾಗದಲ್ಲಿ ಶಾಯಿಯಿಂದ 10 ಎಂದು ಬರೆದಿದೆ. ಚಿಕ್ಕ ಬೆಲೆಯ ಚೀಟಿ ಬೇಕಾದಾಗ ದೊಡ್ಡ ಬೆಲೆಯದ್ದನ್ನೇ ತಿದ್ದಿ ಕೆಲಸ ನಡೆಸಿದ್ದಾರೆ. ಬಳಸಿದ ಚೀಟಿಯನ್ನು ರದ್ದು ಮಾಡಲೂ ಎಷ್ಟೋ ಸಲ ಪೆನ್ನಿನ ಗೀಟೇ ಸಾಕಾಗುತ್ತಿತ್ತು.

1896ರ ನವೆಂಬರ್‌ನಲ್ಲಿ ಅಚ್ಚುಮೊಳೆ ಜೋಡಿಸಿ ಮುದ್ರಿಸಿದ ಚೀಟಿಗಳು ಬಂದವು, ಬೆಲೆ ಆಣೆ ಮತ್ತು ರೂಪಾಯಿಗಳಲ್ಲಿ. ಟೈಪ್‌ರೈಟರ್‌ಗೂ ಕವಡೆ ಲೆಕ್ಕಕ್ಕೂ ಒಟ್ಟಿಗೇ ಬಿಡುವು ಸಿಕ್ಕಿತು.

ಇಷ್ಟು ಸರಳವಾದದ್ದನ್ನು ನಕಲು ಮಾಡೋದು ಕಷ್ಟವೇನಲ್ಲ ಅಲ್ವಾ? ಹಳೇ ಟೈಪ್‌ರೈಟರ್, ತೆಳು ಕಾಗದ ಇದ್ದರಾಯಿತು. ಅದಕ್ಕೇ ನಕಲಿಗಳೂ ಇವೆ. ತಿಳಿದವರು ಚೀಟಿ ಕೈಗೆ ಬಂದರೆ ಮೊದಲು ಭೂತಗನ್ನಡಿ ತೆಗೆಯುತ್ತಾರೆ. ಅಕ್ಷರದ ಅಗಲ, ರಿಬ್ಬನ್ ಬಣ್ಣ, ಚೀಟಿಯ ಅಳತೆ, ಮೂರೂ ಒಂದೇ ತಿಂಗಳಿಗೆ ಹೊಂದುತ್ತವೆಯೇ ಅಂತ ನೋಡುತ್ತಾರೆ. ನೇರಳೆ ಬಣ್ಣದಲ್ಲಿ ಅಗಲ ಅಕ್ಷರದ ಅಗಲ ಚೀಟಿ ಸಿಕ್ಕರೆ ಅನುಮಾನ ಶುರುವಾಗುತ್ತದೆ.