ಹಳೆಯ ಗ್ಯಾಸ್ ಸ್ಥಾವರದ ಇಂಗಾಲ: ಯಾವ ಲೆಕ್ಕ ನಂಬೋಣ?

ಕೊಚ್ಚಿ–ಮಂಗಳೂರು ಗ್ಯಾಸ್ ಪೈಪ್‌ಲೈನ್ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಮರು ತಿಂಗಳೇ ಕಾಸರಗೋಡು ಜಿಲ್ಲೆಯ ಪೈವಳಿಕೆಯಲ್ಲಿ 50 ಮೆಗಾವ್ಯಾಟ್ ಸೌರ ಸ್ಥಾವರ. ಆಮೇಲೆ ಕಾಸರಗೋಡಿನ ಓದುಗರಿಂದ ಆಗಾಗ ಬರುವ ಪ್ರಶ್ನೆ: 'ಗ್ಯಾಸಿನ ವಿದ್ಯುತ್ತಿಗೆ ಕಲ್ಲಿದ್ದಲಿನ ಅರ್ಧದಷ್ಟೂ ಇಂಗಾಲ ಇಲ್ಲವಂತೆ, ಹೌದೋ?' ಹೊಸ ಸ್ಥಾವರವಾದರೆ ಹೌದು. ಹಳೆಯದಾದರೆ, ಅದನ್ನು ಹೇಗೆ ಓಡಿಸುತ್ತಾರೆ ಎಂದು ತಿಳಿಯದೆ ನಾನು ತಲೆಯಾಡಿಸುವುದಿಲ್ಲ.

ಒಂದು ಯೂನಿಟ್‌ನಷ್ಟು ಶಾಖಕ್ಕೆ ಗ್ಯಾಸ್ ಸುಟ್ಟರೆ ಸುಮಾರು 200 ಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಶೇ. 55 ದಕ್ಷತೆಯ ಕಂಬೈನ್ಡ್ ಸೈಕಲ್ (ಗ್ಯಾಸ್ ಟರ್ಬೈನಿನ ಬಿಸಿ ಹೊಗೆಯಿಂದ ಹಬೆ ಮಾಡಿ ಮತ್ತಷ್ಟು ವಿದ್ಯುತ್ ತೆಗೆಯುವ) ಸ್ಥಾವರದಲ್ಲಿ ಅದು ಯೂನಿಟ್ ವಿದ್ಯುತ್ತಿಗೆ 365 ಗ್ರಾಂ ಆಸುಪಾಸು. ಕಲ್ಲಿದ್ದಲಿನದು 900ರಿಂದ 1000.

ವಯಸ್ಸು ಮೊದಲು ಕಾಣುವುದು ಕಂಪ್ರೆಸರ್‌ನಲ್ಲಿ. ಟರ್ಬೈನ್ ಹುಟ್ಟಿಸುವ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಗಾಳಿ ಒತ್ತುವ ಈ ಭಾಗವೇ ನುಂಗುತ್ತದೆ. ಕರಾವಳಿಯ ಉಪ್ಪು, ಎಣ್ಣೆಯ ಜಿಡ್ಡು ಬ್ಲೇಡುಗಳಿಗೆ ಅಂಟಿದರೆ ಗಾಳಿ ಕಡಿಮೆ, ದಕ್ಷತೆಯೂ ಕಡಿಮೆ. ತೊಳೆದರೆ ಬಹುಪಾಲು ಮರಳುತ್ತದೆ. ಬ್ಲೇಡಿನ ತುದಿ ಸವೆದು ಕವಚದ ನಡುವೆ ಬಿದ್ದ ಸಂದು ಮಾತ್ರ ತೊಳೆದು ಹೋಗುವಂಥದ್ದಲ್ಲ. ಆದರೂ ಇವೆಲ್ಲ ಸಣ್ಣಪುಟ್ಟ ಸೋರಿಕೆಗಳೇ.

ದೊಡ್ಡ ಹೊಡೆತ ಬೀಳುವುದು ಬಾಯ್ಲರಿನ ಕಡೆಯಿಂದ. ಟರ್ಬೈನಿನ ಬಿಸಿ ಹೊಗೆಯಿಂದ ಹಬೆ ಮಾಡುವ ಈ ಬಾಯ್ಲರನ್ನು ದಿನಾ ಹೊತ್ತಿಸಿ ಆರಿಸಿದರೆ ಕೊಳವೆಗಳು ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತವೆ. ಆಗ ಹಬೆಯ ಭಾಗ ನಿಲ್ಲಿಸಿ, ಹೊಗೆಯನ್ನು ನೇರ ಚಿಮಣಿಗೆ ಬಿಟ್ಟು ಓಪನ್ ಸೈಕಲ್‌ನಲ್ಲಿ ಓಡಿಸುತ್ತಾರೆ. ಸುಡುವ ಗ್ಯಾಸ್ ಅಷ್ಟೇ, ವಿದ್ಯುತ್ತು ಮೂರನೇ ಒಂದರಷ್ಟು ಖೋತಾ. 365 ಇದ್ದದ್ದು ಯೂನಿಟ್ಟಿಗೆ 550 ಗ್ರಾಂ ಆಸುಪಾಸಿಗೆ ಏರುತ್ತದೆ, ಸವೆದ ಹಳೆಯ ಯಂತ್ರದಲ್ಲಿ 600 ದಾಟಲೂಬಹುದು. ವಾರ್ಷಿಕ ಸರಾಸರಿಯಲ್ಲಿ ಇದು ಮುಚ್ಚಿಹೋಗುತ್ತದೆ. ಹಾಗಾಗಿ ವರದಿ ಕೈಗೆ ಬಂದರೆ ನಾನು ಮೊದಲು ಹುಡುಕುವುದು ವರ್ಷಕ್ಕೆ ಎಷ್ಟು ಸಲ ಸ್ಟಾರ್ಟ್ ಮಾಡಿದ್ದಾರೆ ಎಂಬುದನ್ನು. (ಬಾವಿಯಿಂದ ಸ್ಥಾವರದವರೆಗೆ ಸೋರುವ ಮೀಥೇನ್ ಇದರಲ್ಲಿ ಸೇರಿಲ್ಲ, 20 ವರ್ಷದ ಲೆಕ್ಕದಲ್ಲಿ ಅದರ ತಾಪ ಇಂಗಾಲದ ಡೈಆಕ್ಸೈಡಿನ 80 ಪಟ್ಟು.)

ಹಾಗೆಂದು ಹಳೆಯದನ್ನೆಲ್ಲ ಗುಜರಿಗೆ ಹಾಕಿ ಎನ್ನಲಾರೆ. ಮೇ ತಿಂಗಳ ಸಂಜೆ, ಮನೆಮನೆಯಲ್ಲಿ ಏಸಿ ಶುರುವಾಗುವ ಹೊತ್ತಿಗೆ ಎರಡು ಗಂಟೆ ಮಾತ್ರ ಓಡುವ ಯಂತ್ರದ ಒಟ್ಟು ಇಂಗಾಲ ಅಲ್ಪ. ದಿನವಿಡೀ ಅರ್ಧ ಲೋಡಿನಲ್ಲಿ ಏದುಸಿರು ಬಿಡುತ್ತ ಓಡಿಸುವುದೇ ನನ್ನ ತಕರಾರು.

ಆ ಸಂಜೆಯ ಕೆಲಸಕ್ಕೆ ಈಗ ಕಾಸರಗೋಡಿನ ಮೈಲಾಟಿಯಲ್ಲಿ 125 ಮೆಗಾವ್ಯಾಟ್ ಬ್ಯಾಟರಿ ಯೋಜನೆಯಿದೆ, ನಾಲ್ಕು ಗಂಟೆ ಕೊಡುವಂಥದ್ದು. ಹಗಲಿನ ಬಿಸಿಲಿನ ವಿದ್ಯುತ್ತು ತುಂಬಿಸಿದರೆ ಒಳ್ಳೆಯದೇ. ಕಲ್ಲಿದ್ದಲಿನದನ್ನು ತುಂಬಿಸಿದರೆ, ಬ್ಯಾಟರಿಯಲ್ಲಾಗುವ ನಷ್ಟವನ್ನೂ ಸೇರಿಸಿ ಯೂನಿಟ್ಟಿಗೆ ಸಾವಿರ ಗ್ರಾಂ ಮೀರುತ್ತದೆ. ಓಪನ್ ಸೈಕಲ್‌ನ ಮುದಿ ಟರ್ಬೈನೇ ಅದಕ್ಕಿಂತ ವಾಸಿ.